ನೋಟರಿ ಮಾಡಿಸಿದ್ರೆ ಸಾಕಲ್ವಾ?

ಸಾಲದು.

ಮಗುವಿನ ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡಿದ್ದಾರೆ, ಮಗು ಅಜ್ಜಿಯ ಹತ್ತಿರವೋ ಚಿಕ್ಕಪ್ಪನ ಮನೆಯಲ್ಲೋ ಇದೆ. ಆಗ ಗಾರ್ಡಿಯನ್ (ಕಾನೂನಿನ ಪ್ರಕಾರ ಪೋಷಕ) ಆಗುವ ಬಗ್ಗೆ ಬರುವ ಪ್ರಶ್ನೆ ಇದು: "ನೂರು ರೂಪಾಯಿ ಬಾಂಡ್ ಪೇಪರಲ್ಲಿ ಬರೆಸಿ ನೋಟರಿ ಮಾಡಿಸಿದ್ರೆ ಸಾಕಲ್ವಾ ಸಾರ್?" ಐನೂರರ ಪೇಪರಾದರೂ ಸಾಲದು. ಈ ಮನುಷ್ಯ ತನ್ನ ಮುಂದೆ ಸಹಿ ಹಾಕಿದ ಅಂತಷ್ಟೇ ನೋಟರಿಯ ಸೀಲು ಹೇಳುತ್ತದೆ. ಯಾರನ್ನೂ ಗಾರ್ಡಿಯನ್ ಮಾಡುವ ಅಧಿಕಾರ ಅದಕ್ಕಿಲ್ಲ.

ಕಿರಿಕಿರಿ ಆ "ಸಾಕಲ್ವಾ"ದ್ದು. ಉತ್ತರ ಮನೆಯಲ್ಲೇ ತೀರ್ಮಾನವಾಗಿರುತ್ತದೆ, ನಾನು ಹೂಂಗುಟ್ಟಬೇಕಷ್ಟೆ. ಶಾಲೆಯಲ್ಲಿ ನಡೀತಲ್ಲ ಅನ್ನುತ್ತಾರೆ. ನಡೆದಿರುತ್ತದೆ. ಹೆಡ್‌ಮಾಸ್ಟರು ಕನಿಕರದಿಂದ ಇಟ್ಟುಕೊಂಡ ಕಾಗದವನ್ನು ಸಬ್‌ರಿಜಿಸ್ಟ್ರಾರ್ ಇಟ್ಟುಕೊಳ್ಳುವುದಿಲ್ಲ.

ಬೇಕಾದದ್ದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಪ್ರಕಾರ ಕೋರ್ಟಿನ ಆದೇಶ. ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಕೋರ್ಟಿಗೇ ಅರ್ಜಿ ಹೋಗಬೇಕು, ನಿಮ್ಮ ಪರಿಚಯದ ವಕೀಲರಿರುವ ಊರಿಗಲ್ಲ. ಇಬ್ಬರ ಮರಣ ಪ್ರಮಾಣಪತ್ರ, ಮಗುವಿನ ಜನನ ಪ್ರಮಾಣಪತ್ರ, ಆಧಾರ್, ವಂಶವೃಕ್ಷ, ಶಾಲೆಯ ವ್ಯಾಸಂಗ ಪತ್ರ, ಆಸ್ತಿಯಿದ್ದರೆ ಅದರ ವಿವರ ಮತ್ತು ಬೆಲೆ ಜೋಡಿಸಿಕೊಳ್ಳಿ. ಜನನ ಪತ್ರದಲ್ಲಿ ಅಪ್ಪನ ಪೂರ್ತಿ ಹೆಸರು, ಮರಣ ಪತ್ರದಲ್ಲಿ ಬರೀ ಇನಿಷಿಯಲ್ಲು ಇದ್ದರೆ ಅದನ್ನು ಮೊದಲು ಸರಿಮಾಡಿಸಿ.

ಎಡವುವುದು ಎರಡು ಕಡೆ. ಒಂದು, 10ನೇ ಸೆಕ್ಷನ್ನು. ಗಾರ್ಡಿಯನ್ ಆಗುವವರು ತಮಗೆ ಒಪ್ಪಿಗೆಯಿದೆ ಎಂದು ಬರೆದು ಸಹಿ ಹಾಕಿ, ಅದಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಪಡೆದ ಪತ್ರ ಅರ್ಜಿಯ ಜೊತೆಗಿರಬೇಕು. ಎರಡು, ಹತ್ತಿರದ ಸಂಬಂಧಿಕರ ಪಟ್ಟಿ. ತಂದೆ ಕಡೆಯವರು ಅರ್ಜಿ ಹಾಕುವಾಗ ಸೋದರಮಾವನ ಹೆಸರು ಮರೆತುಹೋಗುತ್ತದೆ. ಪಾಪ, ನಿಜವಾಗಿಯೂ ಮರೆತಿರುತ್ತಾರೆ. ಮಾವ ಮಾತ್ರ ಮರೆಯುವುದಿಲ್ಲ, ತಕರಾರು ಹಾಕುತ್ತಾನೆ. ಹೆಸರು ಸೇರಿಸಿ, ನೋಟಿಸ್ ಹೋಗಲಿ.

ತಂದೆ ಅಥವಾ ತಾಯಿ ಒಬ್ಬರು ಬದುಕಿದ್ದರೆ? ಅವರು ಅನರ್ಹರೆಂದು ಕೋರ್ಟಿಗೆ ಅನ್ನಿಸದ ಹೊರತು ಮಗುವಿನ ಜವಾಬ್ದಾರಿಗೆ ಬೇರೆಯವರ ನೇಮಕವಿಲ್ಲ, 19ನೇ ಸೆಕ್ಷನ್. ದುಬೈಯಲ್ಲಿ ಕೆಲಸ ಮಾಡುವುದು ಅನರ್ಹತೆಯಲ್ಲ. "ಅಜ್ಜ ಅಜ್ಜಿಗೆ ವಯಸ್ಸಾಯ್ತು, ಕೊಡ್ತಾರಾ?" ಕೊಡುತ್ತಾರೆ. ಕೋವಿಡ್‌ನಲ್ಲಿ ತಂದೆತಾಯಿ ಕಳೆದುಕೊಂಡ ಹುಡುಗನೊಬ್ಬನನ್ನು ಗುಜರಾತ್ ಹೈಕೋರ್ಟ್ ಚಿಕ್ಕಮ್ಮನಿಗೆ ಒಪ್ಪಿಸಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ ತಂದೆಯ ತಂದೆತಾಯಿಯ ಹತ್ತಿರ ಬಿಟ್ಟಿತು.

ಇಷ್ಟು ಹೇಳಿದ ಮೇಲೆ ಹೊಲದ ಮಾತು ಬರುತ್ತದೆ, ಬಂದೇ ಬರುತ್ತದೆ. ಪಹಣಿಯಲ್ಲಿ "ಮೈನರ್ ಗಾರ್ಡಿಯನ್" ಎಂದು ಚಿಕ್ಕಪ್ಪನ ಹೆಸರು ಕೂತ ಮಾತ್ರಕ್ಕೆ ಮಾರುವ ಹಕ್ಕು ಬರುವುದಿಲ್ಲ. ಹಿಂದೂ ಮಗುವಿನ ಸ್ವಂತ ಆಸ್ತಿಯನ್ನು, ನೇಮಕವಾಗದ ಬಂಧು ಮುಟ್ಟುವಂತೆಯೇ ಇಲ್ಲ (1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಆಕ್ಟ್, 11ನೇ ಸೆಕ್ಷನ್). ವಿಭಾಗವಾಗದ ಕುಟುಂಬದ ಪಾಲಿನ ಲೆಕ್ಕ ಬೇರೆ. ಕೋರ್ಟು ನೇಮಿಸಿದವರಿಗೂ ಕ್ರಯ, ಅಡಮಾನ, ಐದು ವರ್ಷ ಮೀರಿದ ಲೀಸ್ ಯಾವುದಕ್ಕೂ ಪ್ರತ್ಯೇಕ ಅನುಮತಿ ಬೇಕು. ಇಪ್ಪತ್ತೊಂದರವರೆಗೆ ಗಾರ್ಡಿಯನ್ ಇರ್ತಾರೆ ಅನ್ನುವ ಹಿರಿಯರಿಗೆ: ಅದು 1999ರಲ್ಲೇ ಹದಿನೆಂಟಾಯಿತು.

ಒಬ್ಬರಾದರೂ ಕೇಳಲಿ ಅಂತ ಕಾಯುತ್ತಿರುವ ಪ್ರಶ್ನೆ ಬೇರೆ: "ಮಗುವಿಗೆ ಬರಬೇಕಾದ್ದು ಎಲ್ಲೆಲ್ಲಿದೆ?" ಅಪ್ಪನೋ ಅಮ್ಮನೋ ಪಿಎಫ್ ಇರುವ ಕೆಲಸದಲ್ಲಿದ್ದರೆ 1995ರ ಪಿಂಚಣಿ ಯೋಜನೆಯಲ್ಲಿ ಅನಾಥ ಪಿಂಚಣಿಯಿದೆ. ವಿಧವಾ ಪಿಂಚಣಿಯ ಮುಕ್ಕಾಲು ಪಾಲು, ತಿಂಗಳಿಗೆ ಕನಿಷ್ಠ 750 ರೂಪಾಯಿ, 25 ವರ್ಷ ತುಂಬುವವರೆಗೆ, ಒಮ್ಮೆಗೆ ಇಬ್ಬರು ಮಕ್ಕಳಿಗೆ. ಫಾರಂ 10ಡಿ. ಪಿಎಫ್ ದುಡ್ಡಿಗೆ ಫಾರಂ 20, ಅದರ ಜೊತೆಗಿನ ವಿಮೆಗೆ 5 ಐಎಫ್. ಬಡ ಮನೆಯಾದರೆ ಕೇಂದ್ರ ಸರ್ಕಾರದ ಮಕ್ಕಳ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದ ನೆರವು, ತಿಂಗಳಿಗೆ 4,000. ಆದಾಯದ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ.

ಅಪ್ಪನ ಹಳೆಯ ಸಂಬಳದ ಚೀಟಿ ಬೀರುವಿನಲ್ಲಿದ್ದರೆ ಎಸೆಯಬೇಡಿ. ಪಿಎಫ್ ಖಾತೆ ಹುಡುಕಲು ಬೇಕಾದ ಯುಎಎನ್ ನಂಬರು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.