ದೀಪಕ್ಕೆ ಅಡ್ಡವಾಗಿದ್ದ ಕೊಂಬೆ

ನವೆಂಬರ್ ಕೊನೆಯ ಶನಿವಾರ. ಕ್ಯೋಟೋದ ಒಂದು ಸಣ್ಣ ಬೌದ್ಧ ದೇಗುಲದ ತೋಟ. ಮೂರು ಕಾಲಿನ ಏಣಿ ಹತ್ತಿ ಕಪ್ಪು ಪೈನ್ ಮರದ ಹಳೆ ಎಲೆ ಕೀಳುತ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದ್ದು. ಹತ್ತು ಗಂಟೆಯ ಚಹಾಕ್ಕೆ ಕರೆದಾಗ ಮುಗಿದಿದ್ದು ಒಂದೇ ಕೊಂಬೆ.

ಜಪಾನಿಗೆ ಬಂದ ಹೊಸದರಲ್ಲಿ ನಾನೂ ಎಲ್ಲರ ಹಾಗೆ ಕ್ಯೋಟೋದಲ್ಲೇ ಇರುವ, ಕಲ್ಲಿನ ತೋಟಕ್ಕೆ ಹೆಸರಾದ ರ್ಯೋಆನ್‌ಜಿ ದೇಗುಲಕ್ಕೆ ಹೋಗಿದ್ದೆ. ಸುಮಾರು 25 ಮೀಟರ್ ಉದ್ದ, 10 ಮೀಟರ್ ಅಗಲದ ಬಿಳಿ ಜಲ್ಲಿಯ ಅಂಗಳ. ಅದರಲ್ಲಿ 15 ಕಲ್ಲು. ಜಗಲಿಯಲ್ಲಿ ಎಲ್ಲಿ ಕೂತರೂ ಒಂದಲ್ಲ ಒಂದು ಕಲ್ಲು ಮರೆಯಾಗುತ್ತದೆ. ಅಲ್ಲಿ ಬಂದವರೆಲ್ಲ ಕಲ್ಲು ಎಣಿಸುತ್ತಾರೆ, ನಾನೂ ಎಣಿಸಿದೆ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಈ ಜಲ್ಲಿಯ ಮೇಲೆ ಗೆರೆ ಎಳೆಯುವವರು ಯಾರು? ಗಾಳಿಗೆ ಬಿದ್ದ ಎಲೆಯನ್ನು ಗೆರೆ ಅಳಿಸದ ಹಾಗೆ ಹೇಗೆ ತೆಗೆಯುತ್ತಾರೆ? ಆ ಕೈಗಳ ಕೆಲಸ ಕಲಿಯಬೇಕು ಅನ್ನಿಸಿತು. ಹಾಗೆ ಕೇಳುತ್ತಾ ಹೋಗಿ ಈ ದೇಗುಲದ ತೋಟ ನೋಡಿಕೊಳ್ಳುವ ಹಿರಿಯರ ಹತ್ತಿರ ಸೇರಿದೆ. ಎಪ್ಪತ್ತು ದಾಟಿದವರು. ಅವರನ್ನು ಎಲ್ಲರೂ ಓಯಕತಾ ಅಂತಲೇ ಕರೆಯುತ್ತಾರೆ. ನಮ್ಮಲ್ಲಿ ಮೇಸ್ತ್ರಿ ಅನ್ನುವ ಹಾಗೆ.

ಮೊದಲ ಆರು ತಿಂಗಳು ಬರೀ ಪಾಚಿಯ ಕೆಲಸ. ನಾನು ಸಾಗರದ ಕಡೆಯವಳು. ಮಳೆಗಾಲದಲ್ಲಿ ನಮ್ಮ ಅಂಗಳದಲ್ಲಿ ಪಾಚಿ ಕಟ್ಟಿದರೆ ಅಮ್ಮ ಉಜ್ಜಿ ತೆಗೆಯುತ್ತಿದ್ದಳು. ಯಾರೂ ಜಾರಿ ಬೀಳಬಾರದು ಅಂತ ಓಡಾಡುವ ದಾರಿಗೆ ಅಡಿಕೆ ದಬ್ಬೆ ಹಾಸುತ್ತಿದ್ದರು. ಇಲ್ಲಿ ಅದೇ ಪಾಚಿಯ ನಡುವೆ ಮಂಡಿಯೂರಿ ಕೂತು, ಒಂದು ಕೈಯಲ್ಲಿ ಅದನ್ನು ಮೆತ್ತಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕಳೆ ಕೀಳಬೇಕು. ಒತ್ತಿ ಹಿಡಿಯದಿದ್ದರೆ ಕಳೆಯ ಜೊತೆ ಪಾಚಿಯೂ ಎದ್ದು ಬರುತ್ತದೆ. ಇದೇ ಊರಿನ ಸೈಹೋಜಿ ದೇಗುಲದ ತೋಟದಲ್ಲಿ ಸುಮಾರು 120 ಬಗೆಯ ಪಾಚಿ ಇದೆ. 1339ರಲ್ಲಿ ಮುಸೋ ಸೊಸೆಕಿ ಎಂಬ ಝೆನ್ ಗುರು ಆ ತೋಟವನ್ನು ರೂಪಿಸಿದಾಗ ಅದು ಪಾಚಿಯ ತೋಟವಾಗಿರಲಿಲ್ಲ. ಎಷ್ಟೋ ಕಾಲದ ಮೇಲೆ, ನೋಡಿಕೊಳ್ಳುವವರು ಇಲ್ಲದಾಗ, ಪಾಚಿ ತಾನಾಗಿ ಹಬ್ಬಿಕೊಂಡಿತು. ಆಮೇಲೆ ಬಂದವರು ಅದನ್ನು ಕೆರೆದು ಹಾಕದೆ ಉಳಿಸಿಕೊಂಡರಲ್ಲ, ಅದು ನನಗೆ ಬಹಳ ದೊಡ್ಡ ಮಾತು.

ಪೈನ್ ಮರ ಮುಟ್ಟಲು ಬಿಟ್ಟದ್ದು ಎರಡನೇ ವರ್ಷ. ಚಳಿಗೆ ಮುಂಚೆ ಮಾಡುವ ಈ ಕೆಲಸದ ಹೆಸರು ಮೊಮಿಯಾಗೆ. ಸೂಜಿಯಂಥ ಎಲೆಗಳು ಎರಡೆರಡು ಜೋಡಿಯಾಗಿ ಇರುತ್ತವೆ. ಈ ವರ್ಷದವು ತುದಿಯಲ್ಲಿ, ಹಳೆಯವು ಹಿಂದೆ. ಹಳೆಯವನ್ನು ಬೆರಳಲ್ಲಿ ಹಿಡಿದು, ಅವು ಬೆಳೆದ ದಿಕ್ಕಿಗೇ ಎಳೆಯಬೇಕು. ಉಲ್ಟಾ ಎಳೆದರೆ ತೊಗಟೆ ಕಿತ್ತು ಬರುತ್ತದೆ. ತುದಿಯಲ್ಲಿ ಚಿಗುರು ಜಾಸ್ತಿ ಇದ್ದರೆ ಎರಡನ್ನು ಮಾತ್ರ ಉಳಿಸಿ ಉಳಿದದ್ದನ್ನು ಕತ್ತರಿಸಬೇಕು. ಆಗ ಬೆಳಕು, ಗಾಳಿ ಒಳಗಿನ ರೆಂಬೆಗಳಿಗೂ ಸಿಗುತ್ತದೆ. ಮೇಲಿನಿಂದ ಕೆಳಗೆ ಬರುವುದು ಕ್ರಮ, ಕಿತ್ತ ಎಲೆ ಮುಗಿದ ಕೊಂಬೆ ಮೇಲೆ ಬೀಳಬಾರದಲ್ವಾ? ಮಧ್ಯಾಹ್ನದ ಹೊತ್ತಿಗೆ ಬೆರಳೆಲ್ಲ ಅಂಟು. ಆ ವಾಸನೆಗೆ ಊರಿನ ಧೂಪದ ಮರದ ನೆನಪಾಯಿತು.

ಓಯಕತಾ ಒಂದು ಮಾತು ಮೊದಲೇ ಹೇಳಿದ್ದರು. ಪೈನ್ ಮರದ ಶಕ್ತಿಯೆಲ್ಲ ನೆತ್ತಿಯ ಕಡೆಗೇ ಓಡುತ್ತದೆ. ಅದಕ್ಕೇ ಮೇಲಿನ ಕೊಂಬೆಗಳಲ್ಲಿ ಜಾಸ್ತಿ ತೆಗೆಯಬೇಕು, ಕೆಳಗಿನವಕ್ಕೆ ಎಲೆ ಜಾಸ್ತಿ ಬಿಡಬೇಕು. ಒಂದು ರೆಂಬೆಯ ಎಲೆ ಪೂರ್ತಿ ಹೋದರೆ ಆ ರೆಂಬೆ ಸಾಯುತ್ತದೆ.

ಕೇಳಿದ್ದೆ, ಆದರೆ ಕೈಗೆ ಇನ್ನೂ ಬಂದಿರಲಿಲ್ಲ. ಊಟ ಆದ ಮೇಲೆ ಅವರು ತೋಟದ ಆಚೆ ಬದಿಗೆ ಹೋದರು. ನಾನು ಕೆಳಗಿನ ಒಂದು ಕೊಂಬೆಯನ್ನು ಮೇಲಿನದರ ಅಳತೆಯಲ್ಲೇ ಬಿಡಿಸುತ್ತಾ ಹೋದೆ. ಅಡ್ಡಾದಿಡ್ಡಿ ಕಂಡ ಎರಡು ರೆಂಬೆಗಳನ್ನು ಕತ್ತರಿಸಿಯೂ ಬಿಟ್ಟೆ. ನಿಂತು ನೋಡಿದೆ. ಚೊಕ್ಕಟವಾಗಿ ಕಂಡಿತು.

ಓಯಕತಾ ಬಂದರು. ಕೊಂಬೆ ನೋಡಿದರು. ಬೈಯಲಿಲ್ಲ. "ಜಗಲಿಗೆ ಹೋಗಿ ಕೂತು ನೋಡಿ" ಅಂದರು, ಅಷ್ಟೇ.

ಹೋಗಿ ಕೂತೆ. ಎದೆ ಧಸಕ್ ಅಂದಿತು. ಆ ಕೊಂಬೆಯ ಹಿಂದೆ ಒಂದು ಕಲ್ಲಿನ ದೀಪಸ್ತಂಭ ಇತ್ತು. ಇಷ್ಟು ದಿನ ಅದರ ತಲೆ ಅರ್ಧ ಮಾತ್ರ ಕಾಣುತ್ತಿತ್ತು. ಈಗ ಪೂರ್ತಿ ಬೋಳಾಗಿ ನಿಂತಿತ್ತು. ತೋಟವೇ ಚಿಕ್ಕದಾದ ಹಾಗೆ ಕಂಡಿತು. ಮರೆಯಾಗಿದ್ದಾಗ ಅದರ ಹಿಂದೆ ಇನ್ನೂ ಏನೋ ಇದೆ ಅನ್ನಿಸುತ್ತಿತ್ತು. ಈಗ ಕಾಣುತ್ತಿದ್ದದ್ದು ಬರೀ ಗೋಡೆ. ಈ ತೋಟವನ್ನು ಮಾಡಿದ್ದೇ ಒಳಗೆ ಚಾಪೆ ಮೇಲೆ ಕೂತವರ ಕಣ್ಣಿಗೆ. ನಾನು ಏಣಿ ಮೇಲೆ ನಿಂತು ಅಂದ ನೋಡಿದ್ದೆ. ದೀಪಕ್ಕೆ ಅಡ್ಡ ಬರುವ ಇಂಥ ಮರಕ್ಕೆ ಅವರ ಭಾಷೆಯಲ್ಲಿ ಒಂದು ಹೆಸರೇ ಇದೆ ಅಂತ ಆಮೇಲೆ ಗೊತ್ತಾಯಿತು. ನಾನು ಅಡ್ಡಾದಿಡ್ಡಿ ಅಂದುಕೊಂಡ ರೆಂಬೆಗಳನ್ನು ಯಾರೋ ಎಷ್ಟೋ ವರ್ಷ ಕಾದು ಅಲ್ಲಿಗೆ ತಂದಿದ್ದರು.

ಕ್ಷಮೆ ಕೇಳಿದೆ. "ಮೂರು ವರ್ಷ ಬೇಕಾಗಬಹುದು" ಅಂದರು ಓಯಕತಾ. ಮೂರು ಗಂಟೆಯ ಚಹಾ ಕುಡಿದು ಒಂದು ಬಿದಿರು ಸೀಳು ತಂದರು. ಒಂದು ಸುರುಳಿ ಕಪ್ಪು ಹಗ್ಗವನ್ನು ನೀರಲ್ಲಿ ನೆನೆಸಿಟ್ಟರು. ಒಂದು ಜಾತಿಯ ತಾಳೆಯ ನಾರಿನಿಂದ ಮಾಡಿದ ಹಗ್ಗ ಅದು. ನೆಂದಾಗ ಮೆತ್ತಗಾಗುತ್ತದೆ, ಒಣಗಿದಾಗ ಬಿಗಿಯುತ್ತದೆ. ಪಕ್ಕದಲ್ಲಿದ್ದ ಎಳೆಯ ರೆಂಬೆಯನ್ನು ಮೆಲ್ಲಗೆ ದೀಪದ ಕಡೆ ಬಗ್ಗಿಸಿ ಹಿಡಿದುಕೊಂಡರು. ಗಂಟು ಹಾಕುವ ಕೆಲಸ ನನಗೇ ಕೊಟ್ಟರು. ಐದು ಸಲ ಬಿಚ್ಚಿ ಕಟ್ಟಿದೆ. ಅಷ್ಟು ಹೊತ್ತೂ ಅವರು ಕೈ ಬಿಡಲಿಲ್ಲ.

ಈ ಸಲ ಮೇ ತಿಂಗಳಲ್ಲಿ ಹೊಸ ಚಿಗುರು ಮೋಂಬತ್ತಿಯ ಹಾಗೆ ನೆಟ್ಟಗೆ ಎದ್ದವು. ಮರದ ತುಂಬ ಜೋರಾಗಿ ಬೆಳೆದವನ್ನು ಬೆರಳಲ್ಲೇ ಮುರಿದೆವು. "ಅದನ್ನು ಮಾತ್ರ ಮುಟ್ಟಬೇಡಿ" ಅಂತ ಓಯಕತಾ ಆ ರೆಂಬೆ ತೋರಿಸಿದರು. ಈಗ ಪ್ರತಿ ಶನಿವಾರ ಏಣಿ ಎತ್ತಿಕೊಳ್ಳುವ ಮೊದಲು ಜಗಲಿಯಲ್ಲಿ ಒಂದು ಸಲ ಕೂರುತ್ತೇನೆ. ದೀಪದ ತಲೆ ಇನ್ನೂ ಕಾಣುತ್ತದೆ. ಎಡ ಅಂಚಿನಲ್ಲಿ ಒಂದು ಬೆರಳಗಲ ಹಸಿರು ಬಂದಿದೆ.