ಮೊದಲ ಕ್ರೂಸ್ ಪ್ಲಾನ್: ಆರು ಜನ, ಎರಡು ರೂಮು, ಒಂದು ಎಕ್ಸೆಲ್ ಶೀಟು

ಹೊರಡೋಕೆ 11 ತಿಂಗಳು

ಈ ಹಡಗು ಪ್ರವಾಸದ ಯೋಚನೆ ಶುರುವಾಗಿದ್ದು ಮಾವನ ಒಂದು ಮಾತಿಂದ. ರಾತ್ರಿ ಊಟಕ್ಕೆ ಕೂತಾಗ, ಯಾರಿಗೂ ಅಂತಲ್ಲದೆ, "ಸಮುದ್ರಾನ ದಡದಲ್ಲಿ ನಿಂತು ನೋಡಿದ್ದೇ ಆಯ್ತು. ಸುತ್ತ ಬರೀ ನೀರೇ ಇದ್ರೆ ಹೇಗಿರುತ್ತೋ" ಅಂದರು. ಅವರು ಬಾಯಿಬಿಟ್ಟು ಏನನ್ನೂ ಕೇಳುವವರಲ್ಲ. ನಾನೂ ಇವರೂ ಮುಖ ಮುಖ ನೋಡಿಕೊಂಡೆವು. ಮಗಳಿಗೆ ಹನ್ನೊಂದು ವರ್ಷ, ಅವಳಿಗೆ ಅಷ್ಟೇ ಸಾಕಾಯಿತು. ನಾವು ತಟ್ಟೆ ಎತ್ತುವಷ್ಟರಲ್ಲಿ ಹಡಗನ್ನೂ ಆರಿಸಿಬಿಟ್ಟಿದ್ದಳು: 2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದ ಸೀಸ್. ಉದ್ದ 365 ಮೀಟರ್, ಗ್ರಾಸ್ ಟನೇಜ್ 2,48,663. "ಅಮ್ಮಾ, ಎರಡೂವರೆ ಲಕ್ಷ ಟನ್ ತೂಕ!" ಅಂತ ಕೂಗಿದಳು. ನಾನೂ ಹಾಗೇ ನಂಬಿದ್ದೆ. ಆಮೇಲೆ ಓದಿದರೆ ಅದು ತೂಕವೇ ಅಲ್ಲ, ಹಡಗಿನೊಳಗೆ ಒಟ್ಟು ಎಷ್ಟು ಜಾಗ ಇದೆ ಅನ್ನೋದರ ಅಳತೆ.

ದೊಡ್ಡ ಹಡಗು ಬೇಡ ಅಂತ ಎರಡೇ ದಿನದಲ್ಲಿ ತೀರ್ಮಾನವಾಯಿತು. ಅತ್ತೆಗೆ ಮಂಡಿನೋವು. ಅಷ್ಟು ಉದ್ದದ ಹಡಗಲ್ಲಿ ರೂಮಿಂದ ಊಟದ ಹಾಲ್‌ಗೆ ಹೋಗಿ ಬರೋದೇ ಒಂದು ವಾಕಿಂಗ್ ಆಗುತ್ತದೆ. ಮಗಳು ಒಂದು ದಿನ ಮಾತು ಬಿಟ್ಟಳು. ಸಣ್ಣ ಹಡಗಲ್ಲೂ ನೀರಿನ ಜಾರುಬಂಡಿ ಇದೆ ಅಂತ ಫೋಟೋ ತೋರಿಸಿದ ಮೇಲೆ ರಾಜಿಯಾದಳು.

10 ತಿಂಗಳು

ಏಳು ರಾತ್ರಿಯ ಟ್ರಿಪ್ ಅಂತ ಖಾತ್ರಿ ಮಾಡಿದೆವು. ಏಳು ರಾತ್ರಿ ಅಂದರೆ ಎಂಟು ದಿನ ಅಂತ ನಾನು ಖುಷಿಯಲ್ಲಿ ಶೀಟಿನಲ್ಲಿ ಎಂಟು ಕಾಲಂ ಹಾಕಿದ್ದೆ. ಅದರಲ್ಲಿ ಮೊದಲ ದಿನ ಹತ್ತುವಾಗಲೇ ಮಧ್ಯಾಹ್ನ, ಕೊನೇ ದಿನ ಬೆಳಿಗ್ಗೆ ಬೇಗ ಇಳಿಸಿಬಿಡುತ್ತಾರೆ. ಉಳಿಯೋದು ಆರು ದಿನ. ನಾಲ್ಕು ದಿನ ಒಂದೊಂದು ಬಂದರು, ಎರಡು ದಿನ ಬರೀ ಸಮುದ್ರ. ಎರಡು ದಿನ ಸುಮ್ನೆ ವೇಸ್ಟ್ ಅಂತ ಇವರಿಗೆ ಅನ್ನಿಸಿತ್ತು. ಆದರೆ ಮಾವ ಕೇಳಿದ್ದು ಆ ಎರಡು ದಿನವನ್ನೇ ಅಲ್ವಾ?

ಬಂದರಿನ ಸಮಯದಲ್ಲೂ ಒಂದು ಕೊಕ್ಕೆ ಇದೆ. 8ರಿಂದ 5 ಅಂತ ಬರೆದಿದ್ದರೆ ಐದಕ್ಕೆ ಹಡಗು ಹೊರಡುತ್ತದೆ ಅಂತ ಅರ್ಥ. ನಾವು ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚೆಯೇ ಒಳಗಿರಬೇಕು. ಕೆಲವು ಕಡೆ ಹಡಗಿನ ಗಡಿಯಾರಕ್ಕೂ ಊರಿನ ಗಡಿಯಾರಕ್ಕೂ ಒಂದು ಗಂಟೆ ವ್ಯತ್ಯಾಸ ಇರುತ್ತದೆ. ಫೋನ್ ತಾನಾಗೇ ಊರಿನ ಸಮಯಕ್ಕೆ ತಿರುಗಿಬಿಟ್ಟರೆ ಮುಗೀತು, ಹಡಗು ನಮಗೆ ಬೆನ್ನು ತೋರಿಸಿ ಹೋಗಿರುತ್ತದೆ. ಅದಕ್ಕೆ ಮಾವನ ಹಳೇ ಕೈಗಡಿಯಾರವೇ ನಮ್ಮ ಅಧಿಕೃತ ಗಡಿಯಾರ ಅಂತ ಈಗಲೇ ಘೋಷಣೆ ಆಗಿದೆ.

9 ತಿಂಗಳು: ರೂಮು

ಇಷ್ಟೂ ಪ್ಲಾನಲ್ಲಿ ಜಾಸ್ತಿ ಸಮಯ ತಿಂದಿದ್ದು ಇದು.

ರೂಮುಗಳಲ್ಲಿ ಮುಖ್ಯವಾಗಿ ಮೂರು ಬಗೆ, ಸೂಟ್ ಅನ್ನೋ ದುಬಾರಿ ದೊಡ್ಡ ರೂಮು ನಮ್ಮ ಲೆಕ್ಕಕ್ಕೇ ಇಲ್ಲ. ಒಳಗಿನ ರೂಮಿಗೆ ಕಿಟಕಿಯೇ ಇರೋದಿಲ್ಲ, ದೀಪ ಆರಿಸಿದರೆ ಹಗಲೋ ರಾತ್ರಿಯೋ ಗೊತ್ತಾಗದಷ್ಟು ಕತ್ತಲೆ. ಕಿಟಕಿ ರೂಮಲ್ಲಿ ಸಮುದ್ರ ಕಾಣುತ್ತದೆ, ಆದರೆ ಕಿಟಕಿ ತೆಗೆಯೋಕಾಗಲ್ಲ. ಆಮೇಲೆ ಬಾಲ್ಕನಿ. ಕಿಟಕಿ ರೂಮು ಎಲ್ಲೋ ತುಂಬಾ ಕಮ್ಮಿಗೆ ಸಿಗ್ತಿದೆ ಅಂದರೆ ಹೊರಗಡೆ ಲೈಫ್‌ಬೋಟ್ ನೇತುಹಾಕಿದ್ದಾರಾ ನೋಡಿ. ಇಡೀ ವಾರ ಅದರ ಹೊಟ್ಟೆಯನ್ನೇ ನೋಡ್ತಾ ಕೂರಬೇಕಾಗುತ್ತದೆ.

ಸೈಜು ಅಂದಾಜಾಗಲಿ ಅಂತ ಒಂದು ಭಾನುವಾರ ಹಾಲ್‌ನ ಸೋಫಾ, ಟೀಪಾಯಿ ಎಲ್ಲ ಸರಿಸಿ, ನೆಲದ ಮೇಲೆ ಚಾಕ್‌ಪೀಸಲ್ಲಿ ರೂಮು ಬರೆದೆ. ಬಚ್ಚಲು ಸೇರಿ 17 ಚದರ ಮೀಟರ್. ಅತ್ತೆ ಒಳಗಿಂದ ಬಂದು ಸ್ವಲ್ಪ ಹೊತ್ತು ನೋಡಿ, "ಏನಮ್ಮಾ ಇದು, ಈ ವಯಸ್ಸಲ್ಲಿ ಕುಂಟೆಬಿಲ್ಲೆ ಆಡ್ತೀಯಾ?" ಅಂದರು. ಮಂಚ, ಕಪಾಟು, ಬಚ್ಚಲಿನ ಬಾಗಿಲು ಎಲ್ಲ ಬರೆದು, ಮಕ್ಕಳನ್ನೂ ಸೇರಿಸಿ ನಾವು ನಾಲ್ಕು ಜನ ಆ ಗೆರೆಯೊಳಗೆ ನಿಂತೆವು. ಇವರು ಬಚ್ಚಲಿಗೆ ಹೋದ ಹಾಗೆ ಮಾಡಿದರು, ನಾನು ಸೂಟ್‌ಕೇಸ್ ತೆರೆದ ಹಾಗೆ. ಮಗ ಎರಡು ನಿಮಿಷಕ್ಕೆ ಗೆರೆ ದಾಟಿ ಓಡಿದ. ಅವನಿಗೆ ನಾಲ್ಕು ವರ್ಷ, ಗೋಡೆ ಇದೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಅತ್ತೆ ಮಾತ್ರ ಒಂದು ಕುರ್ಚಿ ತಂದು ಬಾಲ್ಕನಿ ಅಂತ ಬರೆದಿದ್ದ ಮೂಲೆಯಲ್ಲಿ ಕೂತು, "ಇಲ್ಲಿ ಚೆನ್ನಾಗಿದೆ" ಅಂದರು. ಅಲ್ಲಿಗೆ ಅವರಿಗೆ ಬಾಲ್ಕನಿ ರೂಮು ಅಂತ ಗೊತ್ತಾಯಿತು.

ನಾಲ್ಕು ಜನರ ರೂಮಲ್ಲಿ ಎರಡು ಹಾಸಿಗೆ ಹಗಲು ಹೊತ್ತು ಚಾವಣಿಯೊಳಗೆ ಮಡಚಿಕೊಂಡಿರುತ್ತವೆ, ರಾತ್ರಿ ಕೆಳಗೆ ಎಳೆದು ಏಣಿ ಹಾಕಿಕೊಡುತ್ತಾರೆ. ಅಂಥದ್ದೇ ಒಂದನ್ನು ನಮಗೆ ಹಿಡಿದುಕೊಳ್ಳೋಣ ಅಂತ ಹೋದರೆ, ರೂಮು ಖಾಲಿ ಇದೆ, ನಾಲ್ಕು ಹಾಸಿಗೆಯೂ ಇದೆ, ಆದರೆ ನಾಲ್ಕು ಹೆಸರು ಹಾಕಿದ ಕೂಡಲೇ ಆಗಲ್ಲ ಅನ್ನುತ್ತದೆ. ವೆಬ್‌ಸೈಟೇ ಕೆಟ್ಟಿದೆ ಅಂದುಕೊಂಡು ಮೂರು ದಿನ ಒದ್ದಾಡಿದೆ. ಕಾರಣ ಬೇರೆ. ಹಡಗಿನ ಒಂದೊಂದು ಭಾಗದ ರೂಮುಗಳಿಗೆ ಇಂತಿಷ್ಟೇ ಲೈಫ್‌ಬೋಟ್ ಸೀಟು ಅಂತ ಲೆಕ್ಕ ಇರುತ್ತದೆ. ಆ ಭಾಗದ ರೂಮುಗಳಲ್ಲಿ ಮೂರನೆಯವರು, ನಾಲ್ಕನೆಯವರು ಜಾಸ್ತಿ ಸೇರಿಬಿಟ್ಟರೆ, ಉಳಿದ ರೂಮಲ್ಲಿ ಹಾಸಿಗೆ ಇದ್ದರೂ ಇಬ್ಬರಿಗೆ, ಮೂವರಿಗೆ ಮಾತ್ರ ಕೊಡುತ್ತಾರೆ. ದೊಡ್ಡ ಕುಟುಂಬದವರು ಬೇಗ ಬುಕ್ ಮಾಡಿ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಕಾರಣ ನನಗೆ ಸಿಕ್ಕಿಲ್ಲ.

ಕೊನೆಗೆ ಮೂರು-ಮೂರು ಮಾಡಿದೆವು. ಬಾಲ್ಕನಿ ರೂಮಲ್ಲಿ ಅತ್ತೆ, ಮಾವ, ಮಗಳು. ಅದರ ಎದುರಿಗೇ, ಕಾರಿಡಾರ್ ದಾಟಿದರೆ ಒಳಗಿನ ರೂಮಲ್ಲಿ ನಾವಿಬ್ಬರು, ಮಗ. ಹೀಗೆ ಮಾಡಿದ್ದರಿಂದ ದುಡ್ಡೂ ಉಳಿಯಿತು, ಬಾಲ್ಕನಿ ಎಲ್ಲರಿಗೂ ಸಿಕ್ಕಿತು, ಮಗ ಬೆಳಿಗ್ಗೆ ಬೆಳಕು ಬಂತು ಅಂತ ಐದಕ್ಕೇ ಏಳೋದೂ ತಪ್ಪಬಹುದು.

ಡೆಕ್ (ಹಡಗಿನ ಮಹಡಿ) ಯಾವುದು ಅನ್ನೋದಕ್ಕೆ ಬಸ್ಸಿನ ಲೆಕ್ಕ ಸಾಕು. ಹಿಂದಿನ ಸೀಟಲ್ಲಿ ಕೂತರೆ ಎತ್ತಿ ಹಾಕುತ್ತದೆ, ನಡುವೆ ಕೂತರೆ ಅಷ್ಟಿಲ್ಲ. ಹಡಗೂ ಹಾಗೇ, ನಡುಭಾಗದಲ್ಲಿ, ಕೆಳಗಿನ ಡೆಕ್ಕಲ್ಲಿ ಅಲುಗಾಟ ಕಮ್ಮಿ. ಸ್ಟೆಬಿಲೈಸರ್ ಅಂತ ಹಡಗಿನ ಪಕ್ಕಕ್ಕೆ ರೆಕ್ಕೆ ಥರದ್ದು ಇರುತ್ತದೆ. ಅದು ಅಕ್ಕಪಕ್ಕ ವಾಲೋದನ್ನು ತಡೆಯುತ್ತದೆಯೇ ಹೊರತು ಮುಂದೆ ಹಿಂದೆ ಏಳೋದು ಬೀಳೋದಕ್ಕೆ ಅಷ್ಟು ಉಪಯೋಗವಿಲ್ಲ. ಇನ್ನೊಂದು: ಡೆಕ್ ಪ್ಲಾನ್ ತೆಗೆದು ನಿಮ್ಮ ರೂಮಿನ ಮೇಲೆ ಏನಿದೆ, ಕೆಳಗೆ ಏನಿದೆ ನೋಡಿ. ಮೇಲೆ ಈಜುಕೊಳ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆದಾಡುವ ಸದ್ದು, ಕೆಳಗೆ ಥಿಯೇಟರ್ ಇದ್ದರೆ ರಾತ್ರಿಯೆಲ್ಲ ಡ್ರಮ್ಮು. ಮೇಲೂ ರೂಮು, ಕೆಳಗೂ ರೂಮು ಇರೋದನ್ನೇ ಹುಡುಕಿದೆವು.

8 ತಿಂಗಳು: ಎಡವಟ್ಟು

ಬುಕ್ ಮಾಡಿಸಿದ್ದು ಒಬ್ಬ ಏಜೆಂಟ್ ಮೂಲಕ. ಕಾಗದ ಬಂತು, ರೂಮ್ ನಂಬರ್ ಇರೋ ಕಡೆ ಗ್ಯಾರಂಟಿ ಅಂತ ಬರೆದಿತ್ತು. ಗ್ಯಾರಂಟಿ ಅಂದರೆ ಒಳ್ಳೇದೇ ಅಲ್ವಾ ಅಂತ ನಾನು ಆರಾಮಾಗಿದ್ದೆ. ಹಡಗಿನವರ ಭಾಷೆಯಲ್ಲಿ ಅದರ ಅರ್ಥ, ಈ ಬಗೆಯ ರೂಮು ಸಿಗೋದು ಗ್ಯಾರಂಟಿ, ಯಾವುದು ಅಂತ ಆಮೇಲೆ ನಾವೇ ಹೇಳ್ತೀವಿ. ಅಂದರೆ ಅತ್ತೆ-ಮಾವ ಒಂದು ತುದಿ, ನಾವು ಇನ್ನೊಂದು ತುದಿ. ಎದುರು ಬದುರು ರೂಮಿಗಾಗಿ ಅಷ್ಟು ತಲೆ ಕೆಡಿಸಿಕೊಂಡಿದ್ದೇ ನೀರುಪಾಲು. ವಾಪಸ್ ದುಡ್ಡು ಸಿಗುವ ಅವಧಿ ಇನ್ನೂ ಇತ್ತು, ಕ್ಯಾನ್ಸಲ್ ಮಾಡಿಸಿ ನಂಬರ್ ಹಿಡಿದು ಮತ್ತೆ ಬುಕ್ ಮಾಡಿಸಿದೆ. ಸ್ವಲ್ಪ ಜಾಸ್ತಿಯಾಯಿತು.

ಕೂಡಲೇ ಹೆಸರುಗಳನ್ನೂ ನೋಡಿದೆ. ಮಾವನ ಪಾಸ್‌ಪೋರ್ಟಲ್ಲಿ ಇನಿಶಿಯಲ್ ಬಿಡಿಸಿ ಬರೆದಿದೆ, ಟಿಕೆಟಲ್ಲಿ ಒಂದೇ ಅಕ್ಷರ. ಅದನ್ನೂ ಸರಿಮಾಡಿಸಿದೆ. ಹತ್ತುವ ದಿನ ಕೌಂಟರಿನಲ್ಲಿ ಇದಕ್ಕೆ ವಾದ ಮಾಡ್ತಾ ನಿಲ್ಲೋಕೆ ಯಾರಿಗೆ ಶಕ್ತಿ ಇರುತ್ತದೆ.

6 ತಿಂಗಳು

ಪಾಸ್‌ಪೋರ್ಟ್ ಪ್ರವಾಸ ಮುಗಿದ ಮೇಲೂ ಆರು ತಿಂಗಳು ಚಾಲ್ತಿಯಲ್ಲಿರಬೇಕು ಅಂತ ತುಂಬಾ ಕಡೆ ಕೇಳುತ್ತಾರೆ. ಮಗನದ್ದು ಅಷ್ಟಿರಲಿಲ್ಲ, ಹೊಸದು ಮಾಡಿಸಿದೆವು.

ವೀಸಾ ವಿಷಯದಲ್ಲಿ ಇವರು ಒಂದು ಒಳ್ಳೇ ಪಾಯಿಂಟ್ ಹಿಡಿದರು. ಹಡಗು ಒಂದು ದೇಶದಿಂದ ಹೊರಟು, ಬೇರೆ ದೇಶದಲ್ಲಿ ನಿಂತು, ತಿರುಗಿ ಅದೇ ಬಂದರಿಗೆ ಬರುತ್ತದೆ. ಅಂದರೆ ನಾವು ಮೊದಲನೇ ದೇಶದೊಳಗೆ ಎರಡು ಸಲ ಹೋದ ಹಾಗೆ. ಒಂದೇ ಸಲ ಒಳಬರುವ ವೀಸಾ ತಗೊಂಡಿದ್ದರೆ ಇಳಿಯೋಕೆ ಬಿಡೋದು ಅನುಮಾನ, ಮೊದಲೇ ಹತ್ತಿಸಿಕೊಳ್ಳದೇ ಇರಬಹುದು. ಮಲ್ಟಿಪಲ್ ಎಂಟ್ರಿಗೇ ಅರ್ಜಿ ಹಾಕಿದೆವು.

ಖರ್ಚಿನ ಶೀಟ್ ಈಗ ನಾಲ್ಕನೇ ಸಲ ತಿದ್ದಿದ್ದು. ಟಿಕೆಟ್ ದರವನ್ನು ಒಬ್ಬರಿಗಿಷ್ಟು ಅಂತ ಹಾಕಿರುತ್ತಾರೆ, ಆದರೆ ಅದು ರೂಮಲ್ಲಿ ಇಬ್ಬರು ಇದ್ದಾರೆ ಅನ್ನೋ ಲೆಕ್ಕದಲ್ಲಿ. ಮೂರನೆಯವರಿಗೆ ಸಾಮಾನ್ಯವಾಗಿ ಕಮ್ಮಿ, ಒಬ್ಬರೇ ಹೋದರೆ ಹೆಚ್ಚೂ ಕಮ್ಮಿ ಎರಡರಷ್ಟು. ಅದರ ಮೇಲೆ ಬಂದರಿನ ತೆರಿಗೆ, ದಿನಕ್ಕೆ ತಲೆಗೆ ಇಷ್ಟು ಅಂತ ಟಿಪ್ಸ್ (ಮಗನ ತಲೆಗೂ!), ಇಂಟರ್ನೆಟ್, ಕೂಲ್‌ಡ್ರಿಂಕ್ಸ್, ಫೋಟೋ. ಊಟ ಎಲ್ಲ ಸೇರಿದೆ ಅಂತಾರೆ, ನಿಜ. ಆದರೆ ವಿಶೇಷ ರೆಸ್ಟೋರೆಂಟ್ ಅಂತ ಬೋರ್ಡ್ ಹಾಕಿರೋ ಕಡೆ ಬೇರೆ ಬಿಲ್ಲು. ಇನ್ಶೂರೆನ್ಸ್ ಮಾತ್ರ ಚೌಕಾಸಿ ಮಾಡದೆ ತಗೊಂಡೆವು, ಹಡಗಿಂದ ಆಸ್ಪತ್ರೆಗೆ ಸಾಗಿಸುವ ಖರ್ಚೂ ಸೇರಿರೋದೇ ಬೇಕು ಅಂತ ಕೇಳಿ. ಹಡಗಿನ ಡಾಕ್ಟರ್ ಪುಕ್ಕಟೆ ಅಲ್ಲ.

3 ತಿಂಗಳು

ಪೂರ್ತಿ ದುಡ್ಡು ಕಟ್ಟಿ ಆಯಿತು, ನಮ್ಮದಕ್ಕೆ ಕೊನೇ ದಿನ 90 ದಿನ ಮುಂಚೆ ಇತ್ತು. ಇನ್ನು ಕ್ಯಾನ್ಸಲ್ ಮಾಡಿದರೆ ಕತ್ತರಿ.

ಈ ತಿಂಗಳ ತಲೆನೋವು ಮೂರನೇ ಬಂದರು. ಅಲ್ಲಿ ಹಡಗು ದಡಕ್ಕೆ ಬರೋದಿಲ್ಲ, ದೂರದಲ್ಲಿ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಯಲ್ಲಿ ಹೋಗಬೇಕು, ಅದಕ್ಕೆ ಟೆಂಡರ್ ಅನ್ನುತ್ತಾರೆ. ಸ್ಯಾಂಟೊರಿನಿ, ಗ್ರ್ಯಾಂಡ್ ಕೇಮನ್ ಎಲ್ಲ ಹೀಗೇ. ಹಡಗೂ ದೋಣಿಯೂ ಬೇರೆ ಬೇರೆ ಲಯದಲ್ಲಿ ಏಳುತ್ತಾ ಬೀಳುತ್ತಾ ಇರುವಾಗ ನಡುವಿನ ಸಂದಿಯನ್ನು ದಾಟಿ ಹೆಜ್ಜೆ ಇಡಬೇಕು. ವಿಡಿಯೋ ಹಾಕಿ ಅತ್ತೆಗೆ ತೋರಿಸಿದೆ. ಎರಡು ಸಲ ನೋಡಿ ಟಿವಿಯಿಂದ ಕಣ್ಣು ತೆಗೆಯದೇ, "ನೀವೆಲ್ಲ ಹೋಗಿ ಬನ್ನಿ, ನಾನೂ ನಿಮ್ಮ ಮಾವನೂ ಇಲ್ಲೇ ಇರ್ತೀವಿ" ಅಂದರು, ಆಗಲೇ ಹಡಗಲ್ಲಿ ಇರೋರ ಹಾಗೆ. ಎಲ್ಲರೂ ಇಳಿದು ಹೋದ ಮೇಲೆ ಹಡಗು ಖಾಲಿ ಖಾಲಿ ಇರುತ್ತದಂತೆ, ಅವರಿಗೇ ಲಾಭ.

ಉಳಿದ ಬಂದರುಗಳಲ್ಲಿ ದೂರ ಹೋಗೋ ಒಂದು ಕಡೆಗೆ ಮಾತ್ರ ಹಡಗಿನವರ ಟೂರ್ ತಗೊಂಡೆವು. ದುಬಾರಿ ನಿಜ, ಆದರೆ ಅವರ ಬಸ್ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ನಾವೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಡವಾದರೆ ಮುಂದಿನ ಬಂದರಿಗೆ ನಮ್ಮ ಖರ್ಚಲ್ಲೇ ಓಡಬೇಕು. ಇದೇ ಭಯಕ್ಕೆ ವಿಮಾನವನ್ನೂ ಒಂದು ದಿನ ಮುಂಚಿನದ್ದು ಮಾಡಿಸಿದ್ದು.

1 ತಿಂಗಳು

ಮಾವ ತಮ್ಮ ಸಣ್ಣ ಎಲೆಕ್ಟ್ರಿಕ್ ಕೆಟಲನ್ನು ತೊಳೆದು, ಒರೆಸಿ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಸೂಟ್‌ಕೇಸಿನ ಮೇಲಿಟ್ಟಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರು ಕುಡಿಯದೆ ಅವರ ದಿನ ಶುರುವಾಗಲ್ಲ. ಹಡಗಲ್ಲಿ ಕೆಟಲ್, ಇಸ್ತ್ರಿಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್ ಇರೋ ಎಕ್ಸ್‌ಟೆನ್ಷನ್ ಬೋರ್ಡ್ ಬಿಡಲ್ಲ, ಬೆಂಕಿಯ ಭಯಕ್ಕೆ. ಹೇಗೆ ಹೇಳೋದು ಅಂತ ಎರಡು ದಿನ ಮುಂದೂಡಿದೆ. ಕೊನೆಗೆ ಹೇಳಿದಾಗ ಅವರು "ಓಹೋ" ಅಂದು ಕೆಟಲ್ ಎತ್ತಿ ವಾಪಸ್ ಅಡುಗೆಮನೆಯಲ್ಲಿಟ್ಟರು, ಫ್ಲಾಸ್ಕ್ ತೊಳೆಯೋಕೆ ಶುರು ಮಾಡಿದರು. ಬಫೆ ಡೆಕ್ಕಲ್ಲಿ ರಾತ್ರಿಯೇ ತುಂಬಿಸಿಟ್ಟುಕೊಳ್ಳುತ್ತಾರಂತೆ.

ಅತ್ತೆಯ ಪ್ರಶ್ನೆ ಬೇರೆ: "ಮುಳುಗಿದ್ರೆ?" ನಗೋಕೆ ಹೋಗದೆ ಉತ್ತರ ಹುಡುಕಿದೆ. ಟೈಟಾನಿಕ್ 1912ರಲ್ಲಿ ಮುಳುಗಿದ ಮೇಲೆ, 1914ರಲ್ಲಿ ಸೋಲಾಸ್ ಅನ್ನೋ ಸಮುದ್ರ ಸುರಕ್ಷತೆಯ ಒಪ್ಪಂದವನ್ನು ಹಲವು ದೇಶ ಸೇರಿ ಮಾಡಿಕೊಂಡವು. ಲೈಫ್‌ಬೋಟು, ಡ್ರಿಲ್ಲು (ಅಪಾಯ ಬಂದರೆ ಏನು ಮಾಡಬೇಕು ಅನ್ನೋ ತಾಲೀಮು) ಎಲ್ಲದರ ನಿಯಮಕ್ಕೆ ಇವತ್ತಿಗೂ ಅದೇ ಬುಡ. 2012ರ ಜನವರಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಅನ್ನೋ ಕ್ರೂಸ್ ಹಡಗು ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಬಂಡೆಗೆ ಬಡಿದಾಗ 32 ಜನ ಸತ್ತರು. ಆವತ್ತೇ ಹತ್ತಿದ್ದ ಸುಮಾರು 700 ಜನರಿಗೆ ಡ್ರಿಲ್ ಇನ್ನೂ ಆಗಿರಲೇ ಇಲ್ಲ, ಯಾಕೆಂದರೆ ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕು ಅಂತಿತ್ತು. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮಾಡಲೇಬೇಕು. ಇಷ್ಟೂ ಕೇಳಿಸಿಕೊಂಡ ಅತ್ತೆ ಡ್ರಿಲ್ಲಿಗೆ ಎಲ್ಲರಿಗಿಂತ ಮುಂಚೆ ಹೋಗಿ ನಿಲ್ಲೋದು ಅಂತ ತೀರ್ಮಾನ ಮಾಡಿದ್ದಾರೆ. ಮಗನಿಗೆ ಚಿಕ್ಕ ಲೈಫ್‌ಜಾಕೆಟ್ ಬೇಕು ಅಂತ ಹತ್ತಿದ ಕೂಡಲೇ ಕೇಳಬೇಕು, ಶೀಟಿನಲ್ಲಿ ಕೆಂಪು ಬಣ್ಣ ಹಾಕಿದ್ದೇನೆ.

ಈ ವಾರ, ಇನ್ನು 9 ದಿನ

ಆನ್‌ಲೈನ್ ಚೆಕ್-ಇನ್ ಆಯಿತು. ದೊಡ್ಡ ಸೂಟ್‌ಕೇಸುಗಳನ್ನು ಬಂದರಲ್ಲೇ ಕೊಟ್ಟುಬಿಟ್ಟರೆ ಸಂಜೆ ಹೊತ್ತಿಗೆ ರೂಮಿಗೆ ಬರುತ್ತವೆ. ಹಾಗಾಗಿ ಮಾತ್ರೆ, ಪಾಸ್‌ಪೋರ್ಟ್, ಮಕ್ಕಳ ಈಜೋ ಬಟ್ಟೆ ಎಲ್ಲ ಕೈಚೀಲದಲ್ಲಿ. ಇಳಿಯುವ ಹಿಂದಿನ ರಾತ್ರಿ ಸೂಟ್‌ಕೇಸನ್ನು ಬಾಗಿಲ ಹೊರಗೆ ಇಡಬೇಕು, ಆಗ ಮರುದಿನದ ಬಟ್ಟೆಯನ್ನೂ ಅದರೊಳಗೇ ತುಂಬಿ ಕಳಿಸಿ, ಬೆಳಿಗ್ಗೆ ನೈಟ್‌ಡ್ರೆಸ್ಸಲ್ಲೇ ಇಳಿದವರೂ ಇದ್ದಾರಂತೆ. ಇವರಿಗೆ ಈಗಲೇ ಎರಡು ಸಲ ಹೇಳಿದ್ದೇನೆ.

ಸ್ಯಾನಿಟೈಸರ್ ಬಾಟಲಿ ಒಂದೇ ಸಾಕು ಅಂತ ಉಳಿದದ್ದನ್ನು ಪಟ್ಟಿಯಿಂದ ತೆಗೆದೆ. ಹಡಗಲ್ಲಿ ವಾಂತಿ-ಭೇದಿ ಹಬ್ಬಿಸೋ ನೊರೊವೈರಸ್‌ಗೆ ಅದು ಅಷ್ಟು ನಾಟೋದಿಲ್ಲ, ಸೋಪು ಹಾಕಿ ಕೈ ತೊಳೆಯೋದೇ ಸರಿ. ಫೋನುಗಳು ಹೊರಟ ಕೂಡಲೇ ಏರೋಪ್ಲೇನ್ ಮೋಡಿಗೆ, ಇಲ್ಲದಿದ್ದರೆ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದುಕೊಂಡು ರೋಮಿಂಗ್ ಬಿಲ್ಲು ಏರುತ್ತದೆ.

ರೂಮಿನ ಗೋಡೆ ಸಾಮಾನ್ಯವಾಗಿ ಉಕ್ಕಿನದ್ದು, ಅಯಸ್ಕಾಂತ ಹಿಡಿಯುತ್ತದೆ. ಅದಕ್ಕೆ ಟೋಪಿ, ಚೀಲ ನೇತುಹಾಕೋಕೆ ಮ್ಯಾಗ್ನೆಟ್ ಕೊಕ್ಕೆ ಆರು ತಂದೆ. ಮಗಳು ಫ್ರಿಜ್ಜಿಗೆ ಅಂಟಿಸಿ ತನ್ನ ಸ್ಕೂಲ್ ಬ್ಯಾಗ್ ನೇತುಹಾಕಿ ಪರೀಕ್ಷೆ ಮಾಡಿದಳು. ನಾಲ್ಕು ಪಾಸು, ಎರಡು ಫೇಲು. ನಾಳೆ ಲಗೇಜ್ ಟ್ಯಾಗು, ಇನ್ಶೂರೆನ್ಸ್ ಕಾಗದ ಪ್ರಿಂಟ್ ತೆಗೆಯಬೇಕು. ಪ್ರಿಂಟರಲ್ಲಿ ಇಂಕ್ ಇಲ್ಲ.