ಗಾಲಿ ಕಾಯುವುದು ಬೇರಿಂಗಿನಿಂದಲೋ, ಬ್ರೇಕಿನಿಂದಲೋ?

ಮೆಕ್ಕೆಜೋಳ, ಮೆಣಸಿನಕಾಯಿ ಸಾಗಿಸುವ ದಿನಗಳು ಬಂದವೆಂದರೆ ಹಾವೇರಿಯ ನಮ್ಮ ವರ್ಕ್‌ಶಾಪಿನಲ್ಲಿ ಟ್ರ್ಯಾಕ್ಟರ್ ಮಾಲೀಕರು ಕೇಳುವ ಪ್ರಶ್ನೆ ಇದೇ: "ಟ್ರೇಲರಿನ ಒಂದು ಗಾಲಿ ವಿಪರೀತ ಕಾಯುತ್ತದೆ, ಬೇರಿಂಗ್ ಬದಲಿಸಿಬಿಡೋಣವೇ?"

ಕಾವು ಎಲ್ಲಿ ಹುಟ್ಟಿತು ಎಂದು ಗೊತ್ತಾಗುವವರೆಗೆ ಏನನ್ನೂ ಬದಲಿಸಬೇಡಿ ಎನ್ನುತ್ತೇನೆ. ಕಚ್ಚಿಕೊಂಡ ಬ್ರೇಕ್ ಮೊದಲು ಗಾಲಿಯೊಂದಿಗೆ ತಿರುಗುವ ಬ್ರೇಕ್ ಡ್ರಮ್ಮನ್ನು ಕಾಯಿಸುತ್ತದೆ. ಆ ಕಾವು ಗಾಲಿಯ ನಡುವೆ ಬೇರಿಂಗ್ ಕೂತಿರುವ ಹಬ್‌ಗೆ ಇಳಿದು ಗ್ರೀಸನ್ನು ಕರಗಿಸುತ್ತದೆ, ಗ್ರೀಸಿಲ್ಲದ ಬೇರಿಂಗ್ ಸುಡುತ್ತದೆ. ಇದರ ತಿರುವುಮುರುವೂ ನಡೆಯುತ್ತದೆ. ಬೇರಿಂಗ್ ಸಡಿಲಾಗಿ ಗಾಲಿ ಓಲಾಡಿದರೆ ಆಯಿಲ್ ಸೀಲ್ ಹರಿದು, ಗ್ರೀಸ್ ಸೋರಿ, ಡ್ರಮ್ಮಿಗೆ ಉಜ್ಜುವ ಬ್ರೇಕ್ ಲೈನರಿಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಆ ಗಾಲಿಗೆ ಬ್ರೇಕ್ ಹಿಡಿಯುವುದಿಲ್ಲ. ಮೂಲ ಕಾರಣವನ್ನು ಹಾಗೆಯೇ ಬಿಟ್ಟು ಹೊಸ ಬೇರಿಂಗ್ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಮೊದಲ ಪರೀಕ್ಷೆಗೆ ಪಾನಾ ಬೇಡ. ಹೊರಟ ನಾಲ್ಕೈದು ಕಿಲೋಮೀಟರಿಗೆ, ಸಮತಟ್ಟಾದ ಕಡೆ, ಬ್ರೇಕ್ ಒತ್ತದೆ ಗಾಡಿ ತಾನಾಗಿ ನಿಲ್ಲಲು ಬಿಡಿ. ಅಂಗೈ ಬೇಡ, ಮುಂಗೈ ಹತ್ತಿರ ಒಯ್ದು ನೋಡಿ. ಎಡಬಲ ಎರಡೂ ಗಾಲಿಗಳನ್ನು ಹೋಲಿಸಿ. ನಡುವಿನ ಹಬ್ ಕ್ಯಾಪ್ ಹೆಚ್ಚು ಕಾದಿದ್ದರೆ ಸಂಶಯ ಬೇರಿಂಗಿನ ಮೇಲೆ. ಡ್ರಮ್ಮಿನ ಅಂಚು ಸುಡುತ್ತಿದ್ದು ನಡುವೆ ಬೆಚ್ಚಗಿದ್ದರೆ ಬ್ರೇಕಿನ ಮೇಲೆ. ಬ್ಯಾಡಗಿ ಮಾರುಕಟ್ಟೆ ಮುಟ್ಟಿದ ಮೇಲೆ ನೋಡಿದರೆ ಕಾವು ಎಲ್ಲೆಡೆ ಹರಡಿರುತ್ತದೆ, ಏನೂ ತಿಳಿಯುವುದಿಲ್ಲ. ಕಾದ ಡ್ರಮ್ಮಿನ ಮೇಲೆ ತಣ್ಣೀರು ಸುರಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಎರಕದ ಕಬ್ಬಿಣ ಸೀಳಿಬಿಡಬಹುದು.

ಸದ್ದೂ ಸುಳಿವು ಕೊಡುತ್ತದೆ. ವೇಗದೊಂದಿಗೆ ಏರುವ, ತಿರುವಿನಲ್ಲಿ ಭಾರ ಒಂದು ಕಡೆಗೆ ವಾಲಿದಾಗ ಬದಲಾಗುವ ಗುರುಗುಟ್ಟುವಿಕೆ ಬೇರಿಂಗಿನದು. ಬ್ರೇಕ್ ಒತ್ತಿದಾಗ ಬದಲಾಗುವ ಕೆರೆತ, ಲೈನರ್ ಹೊತ್ತ ಬ್ರೇಕ್ ಶೂಗಳದು.

ನಂತರ ಜಾಕ್ ಏರಿಸಿ. ಉಳಿದ ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಅಚ್ಚಿನ ಕೆಳಗೆ ಗಟ್ಟಿ ದಿಮ್ಮಿ ಇಡದೆ ಯಾರೂ ಕೆಳಗೆ ಕೈ ಹಾಕಬಾರದು. ಗಾಲಿಯ ಮೇಲಂಚು ಕೆಳಂಚು ಹಿಡಿದು ಅಲುಗಾಡಿಸಿ. ಲಟಲಟ ಅಂದರೆ ಬೇರಿಂಗ್ ಸವೆದಿರಬಹುದು, ಬರೀ ನಟ್ ಸಡಿಲಾಗಿಯೂ ಇರಬಹುದು. ಆದ್ದರಿಂದ ಕೈಯಿಂದ ತಿರುಗಿಸಿ, ಇನ್ನೊಂದು ಕೈಯನ್ನು ಸ್ಪ್ರಿಂಗ್ ಪಟ್ಟಿಯ ಮೇಲಿಡಿ. ಕರಕರ ನಡುಕ ಕೈಗೆ ತಾಕಿದರೆ ರೋಲರ್ ಕೆಟ್ಟಿದೆ. ನಡುಕವಿಲ್ಲದೆ ಗಾಲಿ ಭಾರವಾಗಿ ತಿರುಗಿದರೆ ಬ್ರೇಕ್ ಹಿಡಿದಿದೆ. ಒಂದು ಸುತ್ತಿನಲ್ಲಿ ಒಂದೇ ಕಡೆ ಬಿಗಿಯಾದರೆ ಡ್ರಮ್ ದುಂಡಗೆ ಉಳಿದಿಲ್ಲ. ಹೈಡ್ರಾಲಿಕ್ ಬ್ರೇಕ್ ಇದ್ದರೆ ಎಂಜಿನ್ ನಿಲ್ಲಿಸಿ ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲ್ ಸ್ವಲ್ಪ ಸಡಿಲಿಸಿ. ಕೂಡಲೇ ಗಾಲಿ ಬಿಡುಗಡೆಯಾದರೆ ಒತ್ತಡ ಪೈಪಿನಲ್ಲಿ ಸಿಕ್ಕಿಕೊಂಡಿದೆ. ಹೊರಗೆ ಚೆನ್ನಾಗಿ ಕಾಣುವ ಹೋಸ್ ಒಳಗೆ ಊದಿಕೊಂಡಿದ್ದರೆ ಹೀಗಾಗುತ್ತದೆ. ಬಿಡದಿದ್ದರೆ ಶೂ, ರಿಟರ್ನ್ ಸ್ಪ್ರಿಂಗ್, ಲಿವರ್ ಇವುಗಳಲ್ಲಿ ಯಾವುದೋ ತುಕ್ಕು ಹಿಡಿದು ನಿಂತಿದೆ.

ಹಬ್ ಬಿಚ್ಚಿದಾಗ ಗ್ರೀಸನ್ನು ಒರೆಸಿ ಎಸೆಯುವ ಅವಸರ ಮಾಡಬೇಡಿ, ನಿಜವಾದ ಸಾಕ್ಷಿ ಅದೇ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಅತಿಯಾಗಿ ಕಾದಿದೆ. ಬೆರಳಲ್ಲಿ ಉಜ್ಜಿದಾಗ ಲೋಹದ ಮಿಣುಕು ಕಂಡರೆ ರೋಲರ್ ಸವೆದಿದೆ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ವರದಾ, ತುಂಗಭದ್ರೆಯ ದಂಡೆಯ ಊರುಗಳ ಟ್ರೇಲರುಗಳಲ್ಲಿ ಇದು ಸಾಮಾನ್ಯ. ಓಡಿ ಕಾದ ಹಬ್ ತಣ್ಣನೆಯ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ದೋಣಿ ಇಳಿಸುವ ಟ್ರೇಲರುಗಳ ಬೇರಿಂಗ್ ಬೇಗ ಹೋಗುವುದೂ ಇದೇ ಕಾರಣಕ್ಕೆ. ಹೊಳೆ ದಾಟುವ ಮುನ್ನ ಸ್ವಲ್ಪ ಹೊತ್ತು ನಿಲ್ಲಿಸಿ ಹಬ್ ಆರಲು ಬಿಟ್ಟರೆ ಎಷ್ಟೋ ಉಳಿಯುತ್ತದೆ. ಗದಗ, ನವಲಗುಂದದ ಕಡೆ ನೀರಿಗಿಂತ ಎರೆಮಣ್ಣಿನ ಕಾಟ ದೊಡ್ಡದು. ಗಾಲಿಯ ಒಳಬದಿಗೆ ಅಂಟಿ ಒಣಗಿ, ಸೀಲಿನ ತುಟಿಯನ್ನು ಕೊರೆಯುತ್ತದೆ. ಇನ್ನು ಬೇರಿಂಗಿನ ಹೊರಬಳೆಯಾದ 'ಕಪ್'ನ ಮೇಲೆ ರೋಲರಿನಷ್ಟೇ ಅಂತರದಲ್ಲಿ ತುಕ್ಕಿನ ಗೆರೆಗಳು ಮೂಡಿದ್ದರೆ, ಗಾಡಿ ಮಳೆಗಾಲವಿಡೀ ಒಂದೇ ಜಾಗದಲ್ಲಿ ನಿಂತಿತ್ತು ಎಂದರ್ಥ.

ಇನ್ನೊಂದು ವಿಷಯವನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಗಾಲಿ ಕಾಯುತ್ತದೆ ಎಂದು ಟ್ರೇಲರಿನ ಬ್ರೇಕ್ ಪೈಪನ್ನೇ ಕಳಚಿಟ್ಟು ಓಡಿಸುವವರಿದ್ದಾರೆ. ಅವರ ಗಾಲಿ ತಣ್ಣಗಿರುತ್ತದೆ, ನಿಜ. ಆದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ತುಂಬಿದ ಟ್ರೇಲರ್ ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸುತ್ತದೆ. ಅದರ ಮಡ್‌ಗಾರ್ಡಿನ ಮೇಲೆ ಕುಳಿತಿರುವವರು ನಮ್ಮ ಮನೆಯ ಹುಡುಗರೇ. ಅಂಥ ಗಾಡಿಗೆ ಬರೀ ಬೇರಿಂಗ್ ಹಾಕಿಕೊಡಿ ಎಂದರೆ ನಾನು ಒಪ್ಪುವುದಿಲ್ಲ.

ಜೋಡಿಸುವಾಗ ಕಪ್ ಮತ್ತು ಕೋನ್ (ರೋಲರುಗಳಿರುವ ಒಳಬಳೆ) ಎರಡನ್ನೂ ಒಟ್ಟಿಗೆ ಬದಲಿಸಿ, ಆಯಿಲ್ ಸೀಲ್ ಹೊಸದಿರಲಿ. ಗ್ರೀಸ್ ಮೆತ್ತಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಉಳಿಸಿಕೊಳ್ಳಲಾಗದು, ಅದು ಗ್ರೀಸನ್ನು ಹೀರಿಕೊಂಡಿರುತ್ತದೆ. ಬ್ರೇಕಿನ ಧೂಳಿಗೆ ಗಾಳಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅಗ್ಗವೆಂದು ಕ್ಯಾಲ್ಸಿಯಂ ಗ್ರೀಸ್ ತುಂಬಬೇಡಿ. ಅದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಲಿಥಿಯಂ ಗ್ರೀಸ್ ಕರಗುವುದು 180ರ ಆಸುಪಾಸಿನಲ್ಲಿ. ಗಾಲಿಯನ್ನು ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ರೋಲರುಗಳು ಕೂತ ಮೇಲೆ ಸಡಿಲಿಸಿ, ಬೆರಳಿನ ಬಲದಲ್ಲಿ ಮತ್ತೆ ತಾಗಿಸಿ ಹೊಸ ಸ್ಪ್ಲಿಟ್ ಪಿನ್ ಹಾಕಿ. ಪಿನ್ನಿನ ತೂತು ಸರಿಹೊಂದದಿದ್ದರೆ ನಟ್ಟನ್ನು ಸಡಿಲದ ಕಡೆಗೇ ತಿರುಗಿಸಿ, ಬಿಗಿಯ ಕಡೆಗಲ್ಲ. ಲೋಡ್ ಹೊತ್ತು ಹತ್ತು ಕಿಲೋಮೀಟರ್ ಹೋದ ಮೇಲೆ ಇಳಿದು ನೋಡಿ. ಎರಡೂ ಹಬ್ ಒಂದೇ ರೀತಿ ಬೆಚ್ಚಗಿದ್ದರೆ ಮುಂದೆ ನಡೆಯಿರಿ.